ನೀರು ಚೆಲ್ಲಿದರೆ ಸಾಲದು, ತಟ್ಟೆ ಉಜ್ಜಿ

ಪ್ರಶ್ನೆ: ನಾವಿರುವುದು ಇಟಲಿಯ ಬೊಲೊನಿಯಾದಲ್ಲಿ. ಬಾಲ್ಕನಿಗೆ ಹೋದರೆ ಹಾಡಹಗಲೇ ಪಟ್ಟೆ ಸೊಳ್ಳೆ ಕಚ್ಚುತ್ತದೆ. ಇಲ್ಲಿನ ಚಳಿಗೆ ಸೊಳ್ಳೆ ಸಾಯಬೇಕಲ್ವಾ? ಯುರೋಪಿಗೆ ಡೆಂಗಿ, ಚಿಕುನ್‌ಗುನ್ಯ ಎಲ್ಲಿಂದ ಬರಬೇಕು?

ಉತ್ತರ: ಹೊರದೇಶದ ಕನ್ನಡಿಗರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. 'ಇಲ್ಲೆಲ್ಲ ಬರಲ್ಲ' ಅನ್ನುವ ಧೈರ್ಯ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಚಳಿಗೆ ಸೊಳ್ಳೆ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ನಿಮ್ಮನ್ನು ಕಚ್ಚುತ್ತಿರುವುದು ಬಹುಶಃ ಏಷ್ಯಾದ ಹುಲಿ ಸೊಳ್ಳೆ, ಈಡಿಸ್ ಆಲ್ಬೊಪಿಕ್ಟಸ್. ಹಗಲು ಗಿಡ್ಡವಾಗುವ ಹೊತ್ತಿಗೆ ಅದು ಇಟ್ಟ ಮೊಟ್ಟೆಗಳು ಒಡೆಯದೆ ಚಳಿಗಾಲ ಕಳೆಯುತ್ತವೆ. ಹಳೇ ಟೈರುಗಳ ಒಳಗೆ ಅಂಟಿಕೊಂಡೇ ಅವು ಸಮುದ್ರ ದಾಟಿದ್ದು. 1985ರಲ್ಲಿ ಅಮೆರಿಕದ ಟೆಕ್ಸಾಸ್, 1990ರಲ್ಲಿ ನಿಮ್ಮ ಜಿನೋವಾ.

ವೈರಸ್ಸನ್ನು ಒಯ್ಯುವುದು ನಾವು. 2007ರ ಬೇಸಿಗೆಯಲ್ಲಿ ಕೇರಳದಿಂದ ಬಂದ ಒಬ್ಬರಿಗೆ ನಿಮ್ಮದೇ ಎಮಿಲಿಯಾ-ರೊಮಾನ್ಯ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಜ್ವರ ಬಂತು. ಅಲ್ಲಿನ ಹುಲಿ ಸೊಳ್ಳೆಗೆ ಅಷ್ಟು ಸಾಕಾಯಿತು. 200ಕ್ಕೂ ಜಾಸ್ತಿ ಜನ ಚಿಕುನ್‌ಗುನ್ಯದಿಂದ ಮಲಗಿದರು. 2006ರಲ್ಲಿ ಕರ್ನಾಟಕದ ಊರೂರಲ್ಲಿ ಜನರ ಕೀಲು ಹಿಡಿಸಿದ ಅದೇ ಕಾಯಿಲೆ.

ಹಾಗಾಗಿ ಊರಿಂದ ವಾಪಸಾದ ಎರಡು ವಾರದೊಳಗೆ ಜ್ವರ ಬಂದರೆ, ಎಲ್ಲಿಂದ ಬಂದಿರಿ ಅಂತ ಡಾಕ್ಟರಿಗೆ ಮೊದಲು ಹೇಳಿ. ಒಂದು ವಾರ ಸೊಳ್ಳೆ ಕಚ್ಚದ ಹಾಗೆ ಇರಿ, ನಿಮಗಾಗಿ ಅಲ್ಲ, ಪಕ್ಕದ ಮನೆಯವರಿಗಾಗಿ. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೇನ್, ಆಸ್ಪಿರಿನ್ ಮುಟ್ಟಬೇಡಿ.

ಇನ್ನು ಬಾಲ್ಕನಿ. ಹೂಕುಂಡದ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ನೀರಿನ ಗೆರೆಗಿಂತ ತುಸು ಮೇಲೆ, ಗಸಗಸೆಗಿಂತ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ಅವೇ ಮೊಟ್ಟೆ. ಸುಮ್ನೆ ನೀರು ಚೆಲ್ಲಿದರೆ ಅಲ್ಲೇ ಇರುತ್ತವೆ. ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ಏರಿದಾಗ ಒಡೆಯುತ್ತವೆ. ವಾರಕ್ಕೊಮ್ಮೆ ಬ್ರಷ್ ಹಾಕಿ ಉಜ್ಜಲೇಬೇಕು.

ಪ್ರಶ್ನೆ: ಡೆಂಗಿಗೆ ಪರಂಗಿ ಎಲೆ ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆ ಅಂತಾರೆ. ಮನೆಯಲ್ಲೇ ಕೊಡಬಹುದಾ?

ಉತ್ತರ: ರಸ ನಂಬಿ ಮನೆಯಲ್ಲಿ ಕೂರಬೇಡಿ. ಡೆಂಗಿಯಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಅಪಾಯ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಿ. 'ಮೂರು ದಿನದಲ್ಲಿ ಗುಣ' ಅಂತ ವಾಟ್ಸಾಪ್‌ನಲ್ಲಿ ಬಾಟಲಿ ಮಾರುವವರು ಆ ಎರಡು ದಿನವನ್ನೇ ಹಾಳು ಮಾಡುತ್ತಾರೆ.

ಪ್ರಶ್ನೆ: ಸೊಳ್ಳೆ ಓಡಿಸುವ ಮೊಬೈಲ್ ಆ್ಯಪ್ ಕೆಲಸ ಮಾಡುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮ ಮನೆ ಪಕ್ಕ ಕಟ್ಟಡದ ಕೆಲಸ ನಡೆಯುತ್ತಿದೆ. ಫಾಗಿಂಗ್ ಮಾಡಿಸಿದರೆ ಸಾಕಲ್ವಾ?

ಉತ್ತರ: ಹೊಗೆಗೆ ಹಾರುವ ಸೊಳ್ಳೆ ಮಾತ್ರ ಸಾಯುತ್ತದೆ. ಕಾಂಕ್ರೀಟ್ ಗಟ್ಟಿಯಾಗಲೆಂದು (ಕ್ಯೂರಿಂಗ್‌ಗೆ) ನಿಲ್ಲಿಸಿದ ನೀರಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಬೆಳೆಯುತ್ತಲೇ ಇರುತ್ತದೆ. ಇದೇ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ ಮಲೇರಿಯಾ ಪ್ರಕರಣ ಬರೀ 27. 2020ಕ್ಕೆ 70,000 ದಾಟಿತು. ಕಂಟ್ರಾಕ್ಟರ್ ಹತ್ತಿರ ಮಾತಾಡಿ, ವಾರಕ್ಕೊಮ್ಮೆ ಆ ನೀರು ಖಾಲಿ ಮಾಡಿಸಿ.