ಬಾಂಬಿನ ಭಯಕ್ಕೆ ಬೈಕ್ ಕೊಡಿಸಲೇ?

ಪ್ರಶ್ನೆ: ಮಗ ದಿನಾ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಲೋಕಲ್ ಟ್ರೇನಿನಲ್ಲಿ ಹೋಗಿಬರುತ್ತಾನೆ. 2006ರಲ್ಲಿ ಲೋಕಲ್‌ಗಳಲ್ಲಿ ಬಾಂಬ್ ಸ್ಫೋಟವಾದ ದಿನ ಮುಂಬಯಿಯಲ್ಲೇ ಇದ್ದವಳು ನಾನು. ಈಗಲೂ ಟಿವಿಯಲ್ಲಿ ಬೆದರಿಕೆ ಕರೆ ಅಂತ ಬಂದರೆ ಕೈಕಾಲು ಆಡುವುದಿಲ್ಲ. ಅವನು ‘ಅಮ್ಮಾ, ಅದರ ರಿಸ್ಕ್ ಕಮ್ಮಿ’ ಅಂತ ನಗುತ್ತಾನೆ. ಅಪಾಯ ಇದೆ ಅಂದಮೇಲೆ ರಿಸ್ಕ್ ಕಮ್ಮಿ ಹೇಗೆ? ಸುಮ್ನೆ ಒಂದು ಬೈಕ್ ಕೊಡಿಸಿಬಿಡಲೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಬೈಕ್ ಮಾತ್ರ ಬೇಡಮ್ಮಾ! 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಬೈಕ್, ಸ್ಕೂಟರ್ ಮೇಲಿದ್ದವರು. ಅದೂ ಮಳೆಗಾಲದ ಗುಂಡಿಗಳಲ್ಲಿ ದಿನಾ ಅಷ್ಟು ದೂರ!

ಕೇಡು ಮಾಡಬಲ್ಲದ್ದು ಎಲ್ಲೋ ಇದೆ ಅನ್ನೋದು ಅಪಾಯ. ಅದು ನಿಮ್ಮ ಮಗನನ್ನು ಮುಟ್ಟುವ ಸಾಧ್ಯತೆ ಎಷ್ಟು, ಮುಟ್ಟಿದರೆ ಪೆಟ್ಟು ಎಷ್ಟು, ಇವೆರಡನ್ನೂ ಸೇರಿಸಿ ನೋಡಿದರೆ ರಿಸ್ಕ್. 2006ರ ಜುಲೈ 11ರಂದು ವೆಸ್ಟರ್ನ್ ಲೈನಿನಲ್ಲಿ 7 ಬಾಂಬ್ ಸಿಡಿದು 180ಕ್ಕೂ ಹೆಚ್ಚು ಜನ ಸತ್ತರು. ಅಂಥ ಅಪಾಯ ಸುಳ್ಳು ಅಂತ ಯಾರೂ ಹೇಳುವುದಿಲ್ಲ. ಆದರೆ ಯಾವ ಬಾಂಬೂ ಇಲ್ಲದೆ ಮುಂಬಯಿ ಲೋಕಲ್ ಹಳಿಗಳಲ್ಲಿ ವರ್ಷಕ್ಕೆ 2,000ಕ್ಕೂ ಹೆಚ್ಚು ಜನ ಸಾಯುತ್ತಾರೆ. ಜಾಸ್ತಿ ಜನ ಹಳಿ ದಾಟುವಾಗ, ಆಮೇಲೆ ಓಡುವ ಟ್ರೇನಿನಿಂದ ಬಿದ್ದು. 2025ರ ಜೂನ್ 9ರಂದು ಮುಂಬ್ರಾ ತಿರುವಿನಲ್ಲಿ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತರಲ್ವಾ, ಅದು ನಿಮ್ಮ ಮಗ ಹೋಗುವ ದಾರಿಯೇ. ಅಲ್ಲಿ ಶತ್ರು ಯಾರೂ ಇರಲಿಲ್ಲ, ರಶ್ಶಿತ್ತು. ಟಿವಿಯವರು ಒಂದು ದಿನ ತೋರಿಸಿ ಮರೆತರು.

ಅವನು ಹೇಳೋದು ಸರಿ, ಆದರೆ ಅರ್ಧ ಮಾತ್ರ. ಬಾಗಿಲಲ್ಲಿ ನಿಲ್ತೀಯಾ, ಲೇಟಾದರೆ ಹಳಿ ದಾಟ್ತೀಯಾ ಅಂತ ಕೇಳಿ ನೋಡಿ. ಉತ್ತರ ಕೊಡದೆ ಜಾರಿಕೊಂಡರೆ ನಿಮ್ಮ ಬೈಗುಳ ಅಲ್ಲಿ ಬೀಳಲಿ! ಇನ್ನೊಂದು ಲೋಕಲ್‌ಗೆ ಕಾಯಬಹುದು, ಡೊಂಬಿವಲಿಯಿಂದಲೇ ಹೊರಡುವ ಟ್ರೇನ್ ಹಿಡಿಯಬಹುದು, ದುಡ್ಡಾದರೆ ಬಾಗಿಲು ಮುಚ್ಚುವ ಎಸಿ ಲೋಕಲ್ ಪಾಸ್ ಮಾಡಿಸಬಹುದು. ಬಾಂಬಿನ ವಿಷಯದಲ್ಲಿ ಅವನ ಕೈಲಾಗೋದು ಕಮ್ಮಿ: ವಾರಸುದಾರರಿಲ್ಲದ ಬ್ಯಾಗ್ ಕಂಡರೆ ಮುಟ್ಟದೆ ದೂರ ಸರಿದು ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡೋದು, ಅಷ್ಟೆ.

ಮಳೆಗಾಲಕ್ಕೂ ಇದೇ ಲೆಕ್ಕ. ನಿಂತ ನೀರಿನಲ್ಲಿ ಇಲಿಜ್ವರದ ಅಪಾಯ ಎಲ್ಲರಿಗೂ ಇದೆ, ಆದರೆ ಕಾಲಿನಲ್ಲಿ ಗಾಯ ಇದ್ದವನಿಗೆ ರಿಸ್ಕ್ ಜಾಸ್ತಿ. ಅಂಥ ದಿನ ನೀರಲ್ಲಿ ನಡೆದು ಬಂದರೆ ಕಾಲು ತೊಳೆಸಿ, ಜ್ವರಕ್ಕೆ ಕಾಯದೆ ಮಾರನೇ ದಿನವೇ ಡಾಕ್ಟರ ಹತ್ತಿರ ಕಳಿಸಿ.