ಒಟ್ಟಿಗೆ ಬಾಳುವ ಸಲಿಂಗಿ ಜೋಡಿ ವಯಸ್ಸಾದ ಮೇಲೆ ಯಾವ ಕಾಗದಪತ್ರ ಮಾಡಿಸಿಡಬೇಕು?

ನೀವಿಬ್ಬರೂ ಅರವತ್ತು ದಾಟಿದ ಹೆಂಗಸರು, ಬೆಂಗಳೂರಿನಲ್ಲಿ ಒಂದೇ ಮನೆಯಲ್ಲಿದ್ದೀರಿ, ಮಕ್ಕಳಿಲ್ಲ. ಒಬ್ಬರು ಹೋದರೆ ಇನ್ನೊಬ್ಬರ ಗತಿಯೇನು ಅಂತ ಕೇಳಿದ್ದೀರಿ. ಮೊದಲು ವಿಲ್ ಬರೆಸಿ, ದಯವಿಟ್ಟು ಮುಂದೂಡಬೇಡಿ. 2023ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಹಾಗಾಗಿ ವಿಲ್ ಇಲ್ಲದಿದ್ದರೆ ಮನೆ ಒಡಹುಟ್ಟಿದವರಿಗೋ ಅವರ ಮಕ್ಕಳಿಗೋ ಹೋಗುತ್ತದೆ, ವರ್ಷಗಟ್ಟಲೆ ಮಾತಾಡಿಸದವರಾದರೂ ಸರಿ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದರೂ ವಿಲ್ ನಡೆಯುತ್ತದೆ. ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಆಮೇಲೆ ತಕರಾರು ಕಡಿಮೆ.

ಬ್ಯಾಂಕಿನ ಕೆಲಸ ಸುಲಭ. ಜಂಟಿ ಖಾತೆಗೂ ಸಂಗಾತಿಯನ್ನು ನಾಮಿನಿ ಮಾಡಲೂ ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲೇ ಹೇಳಿದೆ. ಆದರೆ ನಾಮಿನಿ ಅಂದರೆ ವಾರಸುದಾರ ಅಲ್ಲ. ಆ ಹಣದ ಮಾತು ವಿಲ್‌ನಲ್ಲೂ ಬರಲಿ.

ನನಗೆ ಜಾಸ್ತಿ ಚಿಂತೆ ಆಸ್ಪತ್ರೆಯದು. ಐಸಿಯು ಬಾಗಿಲಲ್ಲಿ ಫಾರಂ ಹಿಡಿದು, 'ಸಂಬಂಧ' ಅನ್ನುವ ಖಾಲಿ ಗೆರೆಯ ಮೇಲೆ ಏನು ಬರೆಯಲಿ ಅಂತ ನಿಲ್ಲುವ ಹಾಗಾಗಬಾರದು, ಅಲ್ವಾ? ಕೊನೆಗಾಲದ ಚಿಕಿತ್ಸೆ ಹೇಗಿರಬೇಕು, ನಿಮ್ಮ ಪರವಾಗಿ ಯಾರು ಮಾತಾಡಬೇಕು ಅಂತ ಈಗಲೇ ಬರೆದಿಡಿ. ಇದಕ್ಕೆ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ಒಂದು ಪ್ರತಿ ನಿಮ್ಮ ಮಾಮೂಲಿ ಡಾಕ್ಟರ ಹತ್ತಿರ ಇರಲಿ.