ಮೆಕ್ಸಿಕೊದ ಬಾಕ್ಸರ್ ಜೂಲಿಯೊ ಸೀಸರ್ ಚಾವೆಸ್ ಸುಮಾರು 14 ವರ್ಷ ಸೋಲದೇ ಉಳಿದದ್ದು ಹೇಗೆ?

ಮುಖ್ಯ ಕಾರಣ ಅವರ ಎಡಗೈ ಹುಕ್ (ಮೊಣಕೈ ಬಾಗಿಸಿ ಬದಿಯಿಂದ ಬೀಸುವ ಹೊಡೆತ), ಅದೂ ಪಕ್ಕೆಗೆ. ಯಕೃತ್ತು ಇರುವುದು ಬಲಪಕ್ಕೆಲುಬಿನ ಅಡಿಯಲ್ಲಿ. ಎದುರು ನಿಂತವರ ಎಡಗೈಗೆ ನೇರ ಸಿಗುವ ಜಾಗ. ಪೆಟ್ಟು ಸರಿಯಾಗಿ ಬಿದ್ದರೆ ಉಸಿರು ಕಟ್ಟಿ ಕಾಲು ಕುಸಿಯುತ್ತದೆ, ಎಂಥ ಗಟ್ಟಿಗನಿಗೂ ತಕ್ಷಣ ಏಳಲಾಗದು. ಚಾವೆಸ್ ಎದುರಾಳಿಯ ಹಿಂದೆ ಓಡುತ್ತಿರಲಿಲ್ಲ. ದಾರಿ ಅಡ್ಡಗಟ್ಟಿ, ಹಗ್ಗದತ್ತ ಒತ್ತರಿಸಿ, ಹಣೆ ಎದೆಗೆ ತಾಗುವಷ್ಟು ಹತ್ತಿರದಿಂದ ಹೊಡೆಯುತ್ತಿದ್ದರು.

ಈ ಒತ್ತಡದ ಫಲ ಕೊನೆಯ ಸುತ್ತುಗಳಲ್ಲಿ ಕಾಣುತ್ತಿತ್ತು. 1990ರ ಮಾರ್ಚ್ 17ರಂದು ಎದುರಾಳಿ ಮೆಲ್ಡ್ರಿಕ್ ಟೇಲರ್ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಮುಂದಿದ್ದರು. 12ನೇ ಸುತ್ತಿನಲ್ಲಿ ಕೆಳಗೆ ಬಿದ್ದು ಎದ್ದರೂ ರೆಫರಿಗೆ ಉತ್ತರ ಕೊಡಲಿಲ್ಲ. 2 ಸೆಕೆಂಡ್ ಉಳಿದಿರುವಾಗ ಪಂದ್ಯ ನಿಂತಿತು, ಗೆಲುವು ಚಾವೆಸ್‌ಗೆ ಸಿಕ್ಕಿತು.

ಕೈಗೆ ಸಿಗದ ಎಡಗೈ ಬಾಕ್ಸರ್ ಎದುರಾದಾಗ ಈ ತಂತ್ರ ಸಾಗಲಿಲ್ಲ. 1993ರಲ್ಲಿ ಪರ್ನೆಲ್ ವಿಟೇಕರ್ ಜೊತೆ ಡ್ರಾ ಆಯಿತು. ನನ್ನ ಪ್ರಕಾರ ಗೆದ್ದದ್ದು ವಿಟೇಕರ್. 1994ರ ಜನವರಿಯಲ್ಲಿ ಫ್ರಾಂಕಿ ರಾಂಡಲ್ ಮೊದಲ ಸೋಲುಣಿಸಿದರು. ಪಕ್ಕೆಯ ಹೊಡೆತಗಳು ಬೆಲ್ಟ್‌ಗಿಂತ ಕೆಳಗೆ ಜಾರಿದ್ದಕ್ಕೆ ಚಾವೆಸ್ 2 ಅಂಕ ಕಳೆದುಕೊಂಡಿದ್ದರು, 11ನೇ ಸುತ್ತಿನಲ್ಲಿ ನೆಲಕ್ಕೂ ಬಿದ್ದರು. ತೀರ್ಪು ಒಡೆದ ಮತಗಳದ್ದು (ಮೂವರು ತೀರ್ಪುಗಾರರಲ್ಲಿ ಇಬ್ಬರು ರಾಂಡಲ್ ಪರ, ಒಬ್ಬರು ಚಾವೆಸ್ ಪರ), ಆ 2 ಅಂಕವೇ ದುಬಾರಿಯಾಯಿತು.

ಮೂರು ತೂಕ ವಿಭಾಗಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಅವರ ವೃತ್ತಿ 2005ರಲ್ಲಿ 107 ಗೆಲುವು, 6 ಸೋಲು, 2 ಡ್ರಾಗಳೊಂದಿಗೆ ಮುಗಿಯಿತು.